ವೆಕ್ಟರ್‌ನಿಂದ ವಾಕ್ಯ ಮರಳಿ ಬರುತ್ತದೆ

ಎಐ ಚಾಟ್‌ಬಾಟ್ ಕಟ್ಟುವ ತಂಡಗಳ ಜತೆ ಭದ್ರತಾ ಪರಿಶೀಲನೆಗೆ ಕೂತಾಗ ನಾನು ಮೊದಲು ವಿಚಾರಿಸುವುದು ವೆಕ್ಟರ್ ಡೇಟಾಬೇಸ್ ಬಗ್ಗೆ. ಎಂಬೆಡಿಂಗ್ ಮಾಡೆಲ್ ಪಠ್ಯದ ಅರ್ಥವನ್ನು ಸಂಖ್ಯೆಗಳ ಸಾಲಾಗಿ ಬದಲಿಸುತ್ತದೆ. ಈ ಸಾಲೇ ವೆಕ್ಟರ್ ಅಥವಾ ಎಂಬೆಡಿಂಗ್. ಇವನ್ನು ಇಟ್ಟುಕೊಂಡು, ಅರ್ಥದಲ್ಲಿ ಹತ್ತಿರವಿರುವುದನ್ನು ಹುಡುಕಿಕೊಡುವುದು ಆ ಡೇಟಾಬೇಸ್. "ಅಲ್ಲಿರೋದು ಬರೀ ನಂಬರ್‌ಗಳು, ಯಾರ ಕೈಗೆ ಸಿಕ್ಕಿದರೂ ಅರ್ಥವಾಗಲ್ಲ" ಎಂಬ ಉತ್ತರ ಬಹಳ ಸಲ ಬರುತ್ತದೆ. ಈ ನಂಬಿಕೆಯ ಮೇಲೆಯೇ ರೋಗಿಗಳ ಡಿಸ್ಚಾರ್ಜ್ ಸಮ್ಮರಿ, ಸಾಲದ ಅರ್ಜಿ, ನೌಕರರ ದೂರುಗಳೆಲ್ಲ ಎಂಬೆಡಿಂಗ್ ಆಗಿ, ಮೂಲ ಡೇಟಾಬೇಸ್‌ಗಿರುವ ಕಾವಲಿನ ಅರ್ಧವೂ ಇಲ್ಲದ ಕಡೆ ಬಿದ್ದಿರುತ್ತವೆ.

ಈ ನಂಬಿಕೆ 2023ರಲ್ಲೇ ಮುರಿದುಬಿತ್ತು. ಕಾರ್ನೆಲ್ ವಿಶ್ವವಿದ್ಯಾಲಯದ ಜಾನ್ ಮಾರಿಸ್ ಮತ್ತು ಸಂಗಡಿಗರು ವೆಕ್‌2ಟೆಕ್ಸ್ಟ್ ಎಂಬ ವಿಧಾನದಿಂದ, 32 ಟೋಕನ್ (ಪದ ಅಥವಾ ಪದದ ತುಣುಕು) ಉದ್ದದ ಪಠ್ಯಗಳಲ್ಲಿ ಶೇ 92ರಷ್ಟನ್ನು ಎಂಬೆಡಿಂಗ್‌ನಿಂದಲೇ ಪದಶಃ ಮರಳಿ ಪಡೆದು ತೋರಿಸಿದರು. ವೈದ್ಯಕೀಯ ಟಿಪ್ಪಣಿಗಳಿಂದ ಪೂರ್ಣ ಹೆಸರುಗಳೂ ಹೊರಬಂದವು. ವಿಧಾನ ಸರಳ: ಮೊದಲು ಒಂದು ವಾಕ್ಯ ಊಹಿಸುವುದು, ಅದನ್ನು ಮೂಲ ವೆಕ್ಟರ್ ತಯಾರಿಸಿದ ಮಾಡೆಲ್‌ನಲ್ಲೇ ಎಂಬೆಡ್ ಮಾಡುವುದು, ಕದ್ದ ವೆಕ್ಟರ್‌ಗೂ ಇದಕ್ಕೂ ಇರುವ ವ್ಯತ್ಯಾಸ ನೋಡಿ ವಾಕ್ಯವನ್ನು ತಿದ್ದುವುದು, ಮತ್ತೆ ಎಂಬೆಡ್ ಮಾಡುವುದು. ಉದ್ದನೆಯ ಪಠ್ಯ ಹೀಗೆ ಪೂರ್ತಿಯಾಗಿ ಸಿಗುವುದು ಕಷ್ಟ, ನಿಜ. ಆದರೆ ರೋಗಿಯೊಬ್ಬರ ಬದುಕು ಕೆಡಲು ಇಡೀ ಸಮ್ಮರಿ ಬೇಕಿಲ್ಲ, ಹೆಸರು ಮತ್ತು ಕಾಯಿಲೆ ಸಾಕು.

ಯಾವ ಮಾಡೆಲ್ ಬಳಸುತ್ತೇವೆಂದು ಮುಚ್ಚಿಟ್ಟರೆ ಬಚಾವ್ ಎನ್ನುವವರೂ ಇದ್ದಾರೆ. 2025ರಲ್ಲಿ ಅದೇ ಗುಂಪಿನ ಸಂಶೋಧಕರ ವೆಕ್‌2ವೆಕ್ ಆ ಧೈರ್ಯವನ್ನೂ ಕೆಡಿಸಿತು. ಮೂಲ ಮಾಡೆಲ್ ಗೊತ್ತಿಲ್ಲದೆಯೂ ಒಂದು ಮಾಡೆಲ್‌ನ ವೆಕ್ಟರ್‌ಗಳನ್ನು ಇನ್ನೊಂದರ ವೆಕ್ಟರ್‌ಗಳಾಗಿ ಬದಲಿಸಿ, ಅವುಗಳಿಂದ ಮಾಹಿತಿ ತೆಗೆಯಬಹುದೆಂದು ಅದು ತೋರಿಸಿತು.

ಹಾಗಾದರೆ ಮಾಡುವುದೇನು? ಮೊದಲು ನಿಮ್ಮ ರೆಕಾರ್ಡ್ ಒಂದನ್ನು ತೆರೆದು ನೋಡಿ. ಬಹಳಷ್ಟು ಕಡೆ ವೆಕ್ಟರ್‌ನ ಪಕ್ಕದಲ್ಲೇ ಮೂಲ ಪಠ್ಯವೂ ಇರುತ್ತದೆ. ಹಾಗಿದ್ದರೆ ಕಳ್ಳನಿಗೆ ಈ ಸಂಶೋಧನೆಯೆಲ್ಲ ಯಾಕೆ ಬೇಕು? ಅಲ್ಲಿ ಐಡಿ ಮಾತ್ರ ಇಟ್ಟು, ಪಠ್ಯವನ್ನು ಮುಖ್ಯ ಡೇಟಾಬೇಸ್‌ನಲ್ಲಿ ಅನುಮತಿಯ ಹಿಂದೆ ಇಡಿ. ಸ್ವಂತ ಸರ್ವರ್‌ನಲ್ಲಿ ಸ್ಥಾಪಿಸಿದ ಕ್ವಾಡ್ರಂಟ್, ಮಿಲ್ವಸ್ ಎಂಬ ವೆಕ್ಟರ್ ಡೇಟಾಬೇಸ್‌ಗಳಲ್ಲಿ ದೃಢೀಕರಣವನ್ನು ನಾವೇ ಆನ್ ಮಾಡಬೇಕು. ಡಿಸ್ಕ್ ಎನ್‌ಕ್ರಿಪ್ಷನ್ ಕಾಯುವುದು ಡಿಸ್ಕ್ ಕದ್ದವನಿಂದ ಮಾತ್ರ. ಎಪಿಐ ಕೀ (ಪ್ರೋಗ್ರಾಂಗಳು ಡೇಟಾಬೇಸ್ ತೆರೆಯಲು ಬಳಸುವ ಗುಪ್ತ ಸಂಕೇತ) ಕದ್ದವನಿಗೆ ಎಲ್ಲವೂ ಬಿಚ್ಚಿಕೊಂಡೇ ಸಿಗುತ್ತದೆ.

ವೆಕ್ಟರ್‌ಗೆ ಸ್ವಲ್ಪ ಗೌಸಿಯನ್ ನಾಯ್ಸ್ (ಯಾದೃಚ್ಛಿಕವಾದ ಸಣ್ಣ ಏರುಪೇರು) ಬೆರೆಸಿದರೆ ಹುಡುಕಾಟ ಅಷ್ಟಾಗಿ ಕೆಡದೆ ವೆಕ್‌2ಟೆಕ್ಸ್ಟ್ ಎಡವುತ್ತದೆ ಎಂದು ಮಾರಿಸ್ ತಂಡವೇ ತೋರಿಸಿದೆ. ಆದರೆ ನಾಯ್ಸ್ ಇರುವುದನ್ನು ಅರಿತು ತನ್ನ ಮಾಡೆಲ್‌ಗೆ ತರಬೇತಿ ಕೊಡುವ ದಾಳಿಕೋರನನ್ನು ಅದು ಎಷ್ಟು ತಡೆದೀತು? ಅದೊಂದನ್ನೇ ನೆಚ್ಚಿಕೊಳ್ಳಲು ನಾನು ಒಪ್ಪುವುದಿಲ್ಲ. ಮ್ಯಾಟ್ರಿಕ್ಸ್ ಎಂಬ ಸಂಖ್ಯೆಗಳ ರಹಸ್ಯ ಕೋಷ್ಟಕದಿಂದ ಎಲ್ಲ ವೆಕ್ಟರ್‌ಗಳನ್ನೂ ತಿರುಗಿಸಿಡುವುದು ಇನ್ನೊಂದು ಉಪಾಯ. ವೆಕ್ಟರ್‌ಗಳ ನಡುವಿನ ದೂರಗಳು ಬದಲಾಗದ್ದರಿಂದ ಹುಡುಕಾಟ ಮೊದಲಿನಂತೆಯೇ ನಡೆಯುತ್ತದೆ. ಆದರೆ 1536 ಆಯಾಮಗಳ, ಅಂದರೆ ಪ್ರತಿ ವೆಕ್ಟರ್‌ನಲ್ಲಿ 1536 ಸಂಖ್ಯೆಗಳಿರುವ, ಮಾಡೆಲ್ ಆದರೆ, ಪಠ್ಯ ಗೊತ್ತಿರುವ 1536 ಸ್ವತಂತ್ರ ವೆಕ್ಟರ್‌ಗಳು ಸಿಕ್ಕವನು ಸಮೀಕರಣ ಬಿಡಿಸಿ ಮ್ಯಾಟ್ರಿಕ್ಸನ್ನೇ ಹಿಡಿಯುತ್ತಾನೆ. ಗ್ರಾಹಕರೇ ಕಡತ ಅಪ್‌ಲೋಡ್ ಮಾಡುವ ವ್ಯವಸ್ಥೆಯಲ್ಲಿ ಅಷ್ಟನ್ನು ಒಳಸೇರಿಸುವುದು ಕಷ್ಟವೇನಲ್ಲ. ರಹಸ್ಯ ಕೀ ಮತ್ತು ನಾಯ್ಸ್ ಎರಡೂ ಸೇರಿದ, ದೂರದ ಹೋಲಿಕೆಯನ್ನು ಸುಮಾರಾಗಿ ಉಳಿಸುವ ಎನ್‌ಕ್ರಿಪ್ಷನ್ ಇದಕ್ಕಿಂತ ವಾಸಿ. ಕೀ ಮಾತ್ರ ಡೇಟಾಬೇಸ್‌ನ ಹೊರಗಿರಲಿ. ಬಿಚ್ಚದೆಯೇ ಲೆಕ್ಕ ಮಾಡಲು ಬಿಡುವ ಹೋಮೋಮಾರ್ಫಿಕ್ ಎನ್‌ಕ್ರಿಪ್ಷನ್ ಬಲವಾದದ್ದು, ಆದರೆ ಲಕ್ಷಗಟ್ಟಲೆ ರೆಕಾರ್ಡ್‌ಗಳ ಮೇಲೆ ಈಗಿನ್ನೂ ಬಹಳ ನಿಧಾನ.

ಇವೆಲ್ಲಕ್ಕಿಂತ ನಾನು ಹೆಚ್ಚು ನಂಬುವುದು ಎಂಬೆಡ್ ಮಾಡುವ ಮೊದಲೇ ಹೆಸರು, ನಂಬರಿನಂಥ ಗುರುತುಗಳನ್ನು ತೆಗೆಯುವುದನ್ನು. ಒಳಗೆ ಹೋಗದ ಹೆಸರನ್ನು ಯಾವ ದಾಳಿಯೂ ವೆಕ್ಟರ್‌ನಿಂದ ಹೊರಗೆಳೆಯಲಾರದು. ನಮ್ಮ ಕೆಲಸ ಹೆಚ್ಚುವುದು ಇಲ್ಲೇ. ಇಂಗ್ಲಿಷ್‌ಗೆ ಸಜ್ಜಾದ ಉಪಕರಣ 'ಮಂಜುನಾಥನಿಗೆ', 'ಮಂಜುನಾಥರ' ಎಂಬ ರೂಪಗಳನ್ನು ಹೆಸರೆಂದೇ ಗುರುತಿಸದೆ ಬಿಡಬಹುದು. ಇಂಗ್ಲಿಷ್ ಅಂಕಿಗಳನ್ನಷ್ಟೇ ಹುಡುಕುವ ನಿಯಮದ ಕಣ್ಣಿಗೆ ೯೮೪೫ ಎಂದು ಶುರುವಾಗುವ ಮೊಬೈಲ್ ನಂಬರ್ ಬೀಳುವುದೇ ಇಲ್ಲ. ಮೊದಲು ಕನ್ನಡ ಅಂಕಿಗಳನ್ನು ಇಂಗ್ಲಿಷ್ ಅಂಕಿಗಳಾಗಿ ಬದಲಿಸಿ, ಆಮೇಲೆ ಹುಡುಕಿ. ಆಧಾರ್‌ನ ಕೊನೆಯ ಅಂಕಿ ಅಂಕಿಯ ತಪ್ಪು ಹಿಡಿಯುವ ವರ್ಹೋಫ್ ಸೂತ್ರದಿಂದ ಬಂದದ್ದು, ಅದನ್ನು ಬಳಸಿದರೆ ತಪ್ಪು ಎಚ್ಚರಿಕೆಗಳು ತಗ್ಗುತ್ತವೆ. ಹೆಸರುಗಳಿಗೆ ವಿಭಕ್ತಿ ಪ್ರತ್ಯಯಗಳನ್ನು ಗಮನದಲ್ಲಿಟ್ಟ ಪಟ್ಟಿಯನ್ನು ತಂಡವೇ ಕಟ್ಟಿಕೊಳ್ಳಬೇಕು. ಬೇಸರದ ಕೆಲಸ, ಆದರೂ ಮಾಡಲೇಬೇಕು.

ಇದು ಕಾನೂನಿನ ವಿಷಯವೂ ಹೌದು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ ಸೂಕ್ತ ಭದ್ರತೆ ಒದಗಿಸದವರಿಗೆ 250 ಕೋಟಿ ರೂಪಾಯಿವರೆಗೆ ದಂಡ ಇದೆ. ವ್ಯಕ್ತಿಯ ಹೆಸರು ಮರಳಿ ಸಿಗುವ ವೆಕ್ಟರ್ ವೈಯಕ್ತಿಕ ದತ್ತಾಂಶವೇ ಎಂದುಕೊಂಡು ನಡೆಯುವುದು ಕ್ಷೇಮ. ಒಪ್ಪಿಗೆ ಹಿಂಪಡೆದವರ ಮಾಹಿತಿ ಅಳಿಸುವಾಗಲೂ ಇದು ನೆನಪಿರಲಿ. ಡಿಲೀಟ್ ಕೊಟ್ಟಾಗ ಹಲವು ವೆಕ್ಟರ್ ಡೇಟಾಬೇಸ್‌ಗಳು ಅಳಿಸಿದ ಗುರುತನ್ನಷ್ಟೇ ಹಾಕುತ್ತವೆ. ಕಾಂಪ್ಯಾಕ್ಷನ್ (ಅಳಿಸಿದ್ದನ್ನು ನಿಜವಾಗಿ ತೆಗೆದುಹಾಕುವ ಕೆಲಸ) ನಡೆಯುವವರೆಗೂ ವೆಕ್ಟರ್ ಡಿಸ್ಕ್‌ನಲ್ಲೇ ಇರುತ್ತದೆ, ಹಳೆಯ ಸ್ನ್ಯಾಪ್‌ಶಾಟ್‌ಗಳಲ್ಲಿ (ಡೇಟಾಬೇಸ್‌ನ ಆಯಾ ಹೊತ್ತಿನ ಪ್ರತಿಗಳಲ್ಲಿ) ಅದಕ್ಕಿಂತಲೂ ಹೆಚ್ಚು ಕಾಲ. ಕಾಂಪ್ಯಾಕ್ಷನ್ ಯಾವಾಗ ನಡೆಯುತ್ತದೆ, ಸ್ನ್ಯಾಪ್‌ಶಾಟ್‌ಗಳು ಎಷ್ಟು ದಿನಕ್ಕೆ ಅಳಿಯುತ್ತವೆ ಎಂಬುದನ್ನು ತಂಡದವರಿಂದ ಬರಹದಲ್ಲೇ ಪಡೆದುಕೊಳ್ಳಿ.