ಪ್ರೋಬ್ ತಾಗಿಸಿದಾಗ ಮಾತ್ರ ಬೂಟ್ ಆಗುವ ಬೋರ್ಡ್

ಪ್ರಶ್ನೆ: ನಾವೇ ವಿನ್ಯಾಸ ಮಾಡಿದ ಪ್ರೊಸೆಸರ್ ಬೋರ್ಡ್ ಕೆಲವು ಸಲ ಬೂಟ್ ಆಗುತ್ತದೆ, ಹೆಚ್ಚಿನ ಸಲ ಆಗುವುದಿಲ್ಲ. ಪ್ರೊಸೆಸರ್‌ನ ಕ್ಲಾಕ್‌ಗೆ, ಅಂದರೆ ಅದರ ತಾಳಕ್ಕೆ, ಆಧಾರವಾದ ಕ್ರಿಸ್ಟಲ್‌ನ ಕಾಲಿಗೆ ಆಸಿಲೋಸ್ಕೋಪ್ ಪ್ರೋಬ್ ತಾಗಿಸಿದರೆ ಮಾತ್ರ ಸರಿಯಾಗಿ ಶುರುವಾಗುತ್ತದೆ. ಅದೇ ಸಾಫ್ಟ್‌ವೇರ್, ಚಿಪ್ ತಯಾರಕರೇ ಪರೀಕ್ಷೆಗೆಂದು ಕೊಡುವ ಇವ್ಯಾಲ್ಯುಯೇಶನ್ ಬೋರ್ಡಿನಲ್ಲಿ ತೊಂದರೆಯಿಲ್ಲದೆ ನಡೆಯುತ್ತದೆ. ಚಿಪ್ ಕೆಟ್ಟಿದೆಯೇ?

ಉತ್ತರ: ಚಿಪ್ ಕೆಟ್ಟಿರುವ ಸಾಧ್ಯತೆ ಕಡಿಮೆ. ಅದನ್ನು ಬಿಚ್ಚಿ ಹೊಸದನ್ನು ಬೆಸೆಯುವ ಮೊದಲು ಪ್ರೋಬ್ ತಾಗಿದಾಗ ಏನೇನು ಬದಲಾಗುತ್ತದೆ ಎಂದು ಯೋಚಿಸಿ. ಹತ್ತು ಪಟ್ಟು ತಗ್ಗಿಸುವ ಸಾಮಾನ್ಯ ಪ್ರೋಬ್ ಸರ್ಕ್ಯೂಟಿಗೆ ಸುಮಾರು 10ರಿಂದ 15 ಪಿಕೋಫ್ಯಾರಡ್ ಕೆಪಾಸಿಟನ್ಸನ್ನೂ ಗ್ರೌಂಡಿಗೆ 10 ಮೆಗಾಓಮ್‌ನ ದಾರಿಯನ್ನೂ ಸೇರಿಸುತ್ತದೆ. ತಾಗಿದ ಕ್ಷಣದಲ್ಲಿ ಚಿಕ್ಕದೊಂದು ವಿದ್ಯುತ್ ತಳ್ಳನ್ನೂ ಕೊಡುತ್ತದೆ. ಇಷ್ಟರಿಂದಲೇ ಕಂಪನ ಶುರುವಾಗುತ್ತದೆಯೆಂದರೆ ನಿಮ್ಮ ಆಸಿಲೇಟರ್ (ಕ್ರಿಸ್ಟಲನ್ನು ಕಂಪಿಸುವಂತೆ ಮಾಡುವ ಸರ್ಕ್ಯೂಟ್) ಅಂಚಿನಲ್ಲಿ ನಿಂತಿದೆ ಎಂದರ್ಥ. ಆದರೆ ಅದಕ್ಕೂ ಮೊದಲು ಒಂದು ಸಣ್ಣ ಪರೀಕ್ಷೆ ಮಾಡಿ: ಪ್ರೋಬ್‌ನ ತುದಿಯನ್ನು ತಾಗಿಸದೆ ಗ್ರೌಂಡ್ ಕ್ಲಿಪ್ಪನ್ನಷ್ಟೇ ಸಿಕ್ಕಿಸಿ ನೋಡಿ. ಅಷ್ಟಕ್ಕೇ ಬೋರ್ಡ್ ಬೂಟ್ ಆದರೆ ತಪ್ಪು ಕ್ರಿಸ್ಟಲ್‌ನದ್ದಲ್ಲ. ಗ್ರೌಂಡ್ ಸಂಪರ್ಕವನ್ನೋ ವಿದ್ಯುತ್ ಪೂರೈಕೆಯನ್ನೋ ಹುಡುಕಬೇಕು.

ತುದಿ ತಾಗಿದಾಗಲೇ ಶುರುವಾಗುವುದಾದರೆ ಕ್ರಿಸ್ಟಲ್‌ನ ಎರಡು ಕಾಲುಗಳಿಂದ ಗ್ರೌಂಡಿಗೆ ಹಾಕುವ ಎರಡು ಲೋಡ್ ಕೆಪಾಸಿಟರ್‌ಗಳ ಲೆಕ್ಕವನ್ನು ಮತ್ತೆ ಮಾಡಿ. ಕ್ರಿಸ್ಟಲ್‌ನ ಡೇಟಾಶೀಟ್‌ನಲ್ಲಿ ಲೋಡ್ ಕೆಪಾಸಿಟನ್ಸ್ 12 ಪಿಕೋಫ್ಯಾರಡ್ ಎಂದಿದ್ದರೆ ಎರಡೂ ಕಡೆ 12 ಹಾಕಬೇಕೆಂದು ಅನೇಕರು ತಿಳಿಯುತ್ತಾರೆ, ಆದರೆ ಕ್ರಿಸ್ಟಲ್‌ಗೆ ಆ ಎರಡು ಕೆಪಾಸಿಟರ್‌ಗಳು ಸರಣಿಯಲ್ಲಿ ಕಾಣುವುದರಿಂದ ಅವುಗಳ ಅರ್ಧ ಮೌಲ್ಯಕ್ಕೆ ತಾಮ್ರದ ದಾರಿ ಮತ್ತು ಪಿನ್‌ಗಳ ಸ್ವಂತ ಕೆಪಾಸಿಟನ್ಸ್ ಸೇರಿ 12 ಆಗಬೇಕು. ಆ ಸ್ವಂತ ಭಾಗ 4 ಎಂದುಕೊಂಡರೆ ಒಂದೊಂದು ಕೆಪಾಸಿಟರ್ 16 ಪಿಕೋಫ್ಯಾರಡ್ ಇರಬೇಕಾಗುತ್ತದೆ. ಕಡಿಮೆಯಾದರೆ ಆವರ್ತನ ಮೇಲಕ್ಕೆ ಸರಿಯುತ್ತದೆ. ಹೆಚ್ಚಾದರೆ ಆವರ್ತನ ಇಳಿಯುವುದರ ಜೊತೆಗೆ ಚಿಪ್‌ನೊಳಗಿನ ಆಂಪ್ಲಿಫೈಯರ್‌ಗೆ ಕ್ರಿಸ್ಟಲನ್ನು ಎಬ್ಬಿಸುವ ಶಕ್ತಿಯೇ ಸಾಲದೆ ಹೋಗಬಹುದು. ಯಾವುದೋ ಹಳೆಯ ನಕ್ಷೆಯಿಂದ 22 ಪಿಕೋಫ್ಯಾರಡ್ ನಕಲು ಮಾಡುವ ಅಭ್ಯಾಸ ನನಗೂ ಇತ್ತು. ಹೆಚ್ಚಿನ ಬಾರಿ ಅದು ನಡೆದುಹೋಗುವುದೇ ಅದರ ಅಪಾಯ. ಆ ಆಂಪ್ಲಿಫೈಯರ್‌ನ ಔಟ್‌ಪುಟ್ಟನ್ನು ಇನ್‌ಪುಟ್ಟಿಗೆ ಜೋಡಿಸುವ ಫೀಡ್‌ಬ್ಯಾಕ್ ರೆಸಿಸ್ಟರ್ ಚಿಪ್‌ನೊಳಗೆ ಇದೆಯೋ ಹೊರಗೆ ಹಾಕಬೇಕೋ ಎಂಬುದನ್ನೂ ನೋಡಿಕೊಳ್ಳಿ, ಏಕೆಂದರೆ ಅದು ಬಿಟ್ಟುಹೋದ ಬೋರ್ಡಿನಲ್ಲಿ ಪ್ರೋಬ್‌ನ 10 ಮೆಗಾಓಮ್ ಕೂಡ ಪರಿಣಾಮ ಬೀರಬಲ್ಲದು.

ಮೌಲ್ಯ ಬದಲಿಸಿದ ಮೇಲೆ ಬೋರ್ಡ್ ಹತ್ತು ಸಲ ಬೂಟ್ ಆಯಿತೆಂದು ನಂಬಬೇಡಿ. ಕ್ರಿಸ್ಟಲ್‌ನೊಂದಿಗೆ ಸರಣಿಯಲ್ಲಿ ಒಂದು ರೆಸಿಸ್ಟರ್ ಬೆಸೆದು, ಕಂಪನ ಶುರುವಾಗದೆ ನಿಲ್ಲುವವರೆಗೂ ಅದರ ಮೌಲ್ಯವನ್ನು ಹೆಚ್ಚಿಸುತ್ತಾ ಹೋಗಿ. ಆ ರೆಸಿಸ್ಟರ್ ಮತ್ತು ಕ್ರಿಸ್ಟಲ್‌ನ ಸ್ವಂತ ಸರಣಿ ರೋಧದ ಮೊತ್ತ ಕ್ರಿಸ್ಟಲ್‌ನ ರೋಧದ ಐದು ಪಟ್ಟಾದರೂ ಇರಬೇಕೆಂಬುದು ರೂಢಿಯ ಅಳತೆ. ಕ್ರಿಸ್ಟಲ್‌ನ ಗರಿಷ್ಠ ರೋಧ 60 ಓಮ್ ಎಂದಿದ್ದರೆ 240 ಓಮ್ ಹಾಕಿದಾಗಲೂ ಅದು ಏಳಬೇಕು.

ಇನ್ನು ಮುಂದೆ ಕ್ಲಾಕನ್ನು ಕ್ರಿಸ್ಟಲ್‌ನ ಕಾಲಿನಲ್ಲಿ ಅಳೆಯಬೇಡಿ. ಹಲವು ಚಿಪ್‌ಗಳಲ್ಲಿ ಒಳಗಿನ ಕ್ಲಾಕನ್ನು ಹೊರಗಿನ ಒಂದು ಪಿನ್‌ಗೆ ಕಳಿಸುವ ಸೌಲಭ್ಯವಿರುತ್ತದೆ. ಅಲ್ಲಿ ಪ್ರೋಬ್‌ನಿಂದ ಆಸಿಲೇಟರ್‌ಗೆ ಭಾರವಾಗುವುದಿಲ್ಲ. ಬೋರ್ಡ್ ತನ್ನ ಸಂದೇಶಗಳನ್ನು ಕಂಪ್ಯೂಟರಿಗೆ ಕಳಿಸುವ ಸೀರಿಯಲ್ ಕನ್ಸೋಲ್ ಕೂಡ ಒಂದು ಅಳತೆಗೋಲು: 24 ಮೆಗಾಹರ್ಟ್ಸ್ ಇರಬೇಕಾದ ಕಡೆ 25 ಮೆಗಾಹರ್ಟ್ಸ್ ಕ್ರಿಸ್ಟಲ್ ಕೂತಿದ್ದರೆ ಸೆಕೆಂಡಿಗೆ 115200 ಬಿಟ್ ವೇಗದಲ್ಲಿ ಹೊರಡಬೇಕಾದ ಅಕ್ಷರಗಳು 120000 ವೇಗದಲ್ಲಿ ಹೊರಬೀಳುತ್ತವೆ. ಟರ್ಮಿನಲ್‌ನ ವೇಗವನ್ನು ಅಷ್ಟಕ್ಕೆ ಬದಲಿಸಿದಾಗ ಕಸದಂತಿದ್ದದ್ದು ಓದಲು ಬಂದರೆ ತಪ್ಪು ಬಿಡಿಭಾಗ ಸಿಕ್ಕಂತೆಯೇ.

ಕ್ಲಾಕ್ ಸರಿಯಿದ್ದೂ ಬೂಟ್ ಆಗದಿದ್ದರೆ ಬೂಟ್ ಫ್ಲ್ಯಾಶ್‌ನ (ಬೂಟ್ ಸಾಫ್ಟ್‌ವೇರ್ ಇರುವ ಮೆಮೊರಿ ಚಿಪ್) ಚಿಪ್ ಸೆಲೆಕ್ಟ್ ಗೆರೆಯನ್ನು, ಅಂದರೆ ಪ್ರೊಸೆಸರ್ ಅದನ್ನು ಓದುವಾಗ ಕರೆಯುವ ಗೆರೆಯನ್ನು, ನೋಡಿ. ರೀಸೆಟ್ ಬಿಟ್ಟ ಮೇಲೆ ಅಲ್ಲಿ ಮಿಡಿತ ಕಂಡರೆ ಬೂಟ್ ರೋಮ್ (ಪ್ರೊಸೆಸರ್‌ನೊಳಗೇ ಇರುವ ಮೊದಲ ಪ್ರೋಗ್ರಾಂ) ಎದ್ದಿದೆ, ಫ್ಲ್ಯಾಶನ್ನು ಓದಲು ಯತ್ನಿಸುತ್ತಿದೆ. ಆಗ ದೋಷ ಫ್ಲ್ಯಾಶ್‌ನಲ್ಲಿ ಬರೆದಿಟ್ಟ ಸಾಫ್ಟ್‌ವೇರ್ ಇಮೇಜ್‌ನಲ್ಲೋ ಮೆಮೊರಿಯನ್ನು ಸಜ್ಜುಗೊಳಿಸುವ ಹಂತದಲ್ಲೋ ಇರುವ ಸಾಧ್ಯತೆ ಹೆಚ್ಚು. ಏನೂ ಕಾಣದಿದ್ದರೆ ರೀಸೆಟ್ ಗೆರೆ ಮೇಲೆದ್ದ ಕ್ಷಣದಲ್ಲಿ ಎಲ್ಲಿಂದ ಬೂಟ್ ಆಗಬೇಕೆಂದು ಪ್ರೊಸೆಸರ್‌ಗೆ ಹೇಳುವ ಬೂಟ್ ಆಯ್ಕೆಯ ಪಿನ್‌ಗಳ ಮಟ್ಟ ಎಷ್ಟಿತ್ತೆಂದು ಅಳೆಯಿರಿ. ಆ ಪಿನ್‌ಗಳಿಗೇ ಜೋಡಿಸಿದ ಬೇರೊಂದು ಚಿಪ್ ಅದೇ ಕ್ಷಣದಲ್ಲಿ ಅವನ್ನು ಎಳೆಯುತ್ತಿರುವುದು ಹೊಸ ಬೋರ್ಡುಗಳಲ್ಲಿ ಅಪರೂಪವಲ್ಲ, ಮತ್ತು ಇವ್ಯಾಲ್ಯುಯೇಶನ್ ಬೋರ್ಡಿನಲ್ಲಿ ಆ ಚಿಪ್ ಇಲ್ಲದಿದ್ದರೆ ಅಲ್ಲಿ ಈ ದೋಷ ಕಾಣುವುದೇ ಇಲ್ಲ.