ಕಾಶಿನಾಥ್ ಅಂದರೆ ಬರೀ ಡಬಲ್ ಮೀನಿಂಗ್ ಅಷ್ಟೇನಾ?

ಓದುಗರ ಪ್ರಶ್ನೆ: ಕಾಶಿನಾಥ್ ಸಿನಿಮಾಗಳಲ್ಲಿ ಪೋಲಿ ಮಾತು ಬಿಟ್ಟು ಬೇರೇನಿದೆ?

ಈ ಪ್ರಶ್ನೆಗೆ ಎಷ್ಟು ಸಲ ಉತ್ತರ ಬರೆದಿದ್ದೇನೋ, ಲೆಕ್ಕ ಇಟ್ಟಿಲ್ಲ. ಈ ಸಲ ಒಂದು ಹಾಡಿನಿಂದ ಶುರು ಮಾಡುತ್ತೇನೆ.

ಶಾಲೆಯ ಬೀಳ್ಕೊಡುಗೆಯಲ್ಲೋ ಆರ್ಕೆಸ್ಟ್ರಾದಲ್ಲೋ ‘ಸವಿನೆನಪುಗಳು ಬೇಕು’ ಕೇಳಿದ್ದೀರಿ ಅಲ್ವಾ? ವಾಣಿ ಜಯರಾಂ ದನಿ, ಎಲ್. ವೈದ್ಯನಾಥನ್ ಸಂಗೀತ. ಎಲ್ಲರ ಕಣ್ಣೂ ಒದ್ದೆಯಾಗುವ ಆ ಹಾಡು 1978ರ ‘ಅಪರಿಚಿತ’ದ್ದು. ಅದೊಂದು ಸಸ್ಪೆನ್ಸ್ ಥ್ರಿಲ್ಲರ್! ಸುರೇಶ್ ಹೆಬ್ಳೀಕರ್, ಶೋಭಾ, ಸುಂದರ್‌ಕೃಷ್ಣ ಅರಸ್ ಇದ್ದ ಸಿನಿಮಾ. ನಿರ್ದೇಶಕರು ಕಾಶಿನಾಥ್. ಆಗ ಅವರಿಗೆ ಮೂವತ್ತೂ ತುಂಬಿರಲಿಲ್ಲ. 1981ರಲ್ಲಿ ಅದನ್ನೇ ಮಿಥುನ್ ಚಕ್ರವರ್ತಿ ಜೊತೆ ‘ಬೇಶಕ್’ ಅಂತ ಹಿಂದಿಯಲ್ಲೂ ತಾವೇ ತೆಗೆದರು.

ಇನ್ನು 1984ರ ‘ಅನುಭವ’. ಹಣೆಪಟ್ಟಿ ಅಂಟಿದ್ದೇ ಅಲ್ಲಿ. ಪೋಲಿ ಮಾತಿದೆ, ಇಲ್ಲ ಅನ್ನುವುದಿಲ್ಲ. ಆದರೆ ಕಥೆ ಏನು? ಮದುವೆ ಅಂದರೆ ಏನು ಅಂತಲೇ ತಿಳಿಯದ ಹುಡುಗಿ, ಕಾಯುವ ತಾಳ್ಮೆ ಇಲ್ಲದ ಗಂಡ. ಮನೆಯಲ್ಲಿ ಯಾರೂ ಬಾಯಿಬಿಡದ ವಿಷಯ ಅದು. ನಗು ಹುಟ್ಟುವುದೇ ಆ ಮೌನದಿಂದ. ‘ಹೋದೆಯಾ ದೂರ ಓ ಜೊತೆಗಾರ’ ಇದೇ ಸಿನಿಮಾದ ಹಾಡು. ಕಿಸಿಕಿಸಿ ನಗಲು ಬಂದವರನ್ನು ಅಳಿಸಿ ಕಳಿಸುವುದು ಸುಮ್ನೆ ಆಗುವ ಕೆಲಸವಲ್ಲ. ಉಮಾಶ್ರೀ ಅವರ ಪ್ರತಿಭೆ ಜನರ ಕಣ್ಣಿಗೆ ಬಿದ್ದದ್ದೂ ಇಲ್ಲೇ.

ಇನ್ನೊಂದು ಗೊಂದಲ. ಅವರು ನಟಿಸಿದ್ದನ್ನೆಲ್ಲ ಅವರದೇ ನಿರ್ದೇಶನ ಅಂದುಕೊಳ್ಳುವವರು ಜಾಸ್ತಿ. ವರದಕ್ಷಿಣೆ ಪಿಡುಗಿನ ಬಗ್ಗೆ ಬಂದ ‘ಅವಳೇ ನನ್ನ ಹೆಂಡ್ತಿ’ಯಲ್ಲಿ (1988) ಅವರು ನಾಯಕ ಮಾತ್ರ. ಬಡಕಲು ಮೈ, ದಪ್ಪ ಮೀಸೆ, ನಮ್ಮ ಬೀದಿಯ ಗುಮಾಸ್ತನ ಹಾಗಿನ ಮುಖ. ಅಂಥವರೂ ಹೀರೋ ಆಗಬಹುದು ಅಂತ ತೋರಿಸಿಕೊಟ್ಟರಲ್ಲ, ಅದಕ್ಕೇ ನನಗೆ ಅವರ ಮೇಲೆ ಅಷ್ಟು ಪ್ರೀತಿ.

ಯಾರೂ ಕೇಳದ ಪ್ರಶ್ನೆಯೊಂದಿದೆ. ಉಪೇಂದ್ರ ಸಿನಿಮಾ ಕಲಿತದ್ದು ಎಲ್ಲಿ? ಕಾಶಿನಾಥ್ ಹತ್ತಿರ, ಸಹಾಯಕರಾಗಿ. ಸಂಗೀತ ನಿರ್ದೇಶಕ ವಿ. ಮನೋಹರ್ ಕೂಡ ಅದೇ ಗರಡಿಯವರು. ಶಿಷ್ಯರು ಬೆಳೆದಾಗ ಗುರು ದೂರ ನಿಲ್ಲಲಿಲ್ಲ. 1993ರಲ್ಲಿ ಉಪೇಂದ್ರ ‘ಶ್!’ ನಿರ್ದೇಶಿಸಿದಾಗ, ಶಿಷ್ಯನ ಕ್ಯಾಮೆರಾ ಮುಂದೆ ನಟನಾಗಿ ನಿಂತರು. 2017ರ ‘ಚೌಕ’ದಲ್ಲೂ ನಟಿಸಿದರು. ಮರುವರ್ಷ ಜನವರಿ 18ರಂದು ತೀರಿಕೊಂಡರು.