ಒಂದು ಕೈಗೆ ಎರಡು ಎಕ್ಸ್‌ರೇ ಯಾಕೆ?

"ಒಂದೇ ಕೈ, ಎರಡು ಎಕ್ಸ್‌ರೇ ಯಾಕೆ ಡಾಕ್ಟ್ರೇ?" ಈ ಪ್ರಶ್ನೆ ನಮಗೆ ಬರುತ್ತಲೇ ಇರುತ್ತದೆ. ದುಡ್ಡಿಗಾಗಿ ಇರಬಹುದು ಎಂಬ ಅನುಮಾನವೂ ಅದರಲ್ಲಿ ಕೊಂಚ ಇರುತ್ತದೆ, ಅಲ್ವಾ?

ರೇಡಿಯೋಗ್ರಫಿ ಎಂದರೆ ಎಕ್ಸ್ ಕಿರಣಗಳನ್ನು ಮೈಯೊಳಗೆ ಹಾಯಿಸಿ, ಆಚೆ ಬದಿಯಲ್ಲಿ ಬೀಳುವ ನೆರಳನ್ನು ಹಿಡಿಯುವುದು. ಮೂಳೆಯ ಕ್ಯಾಲ್ಸಿಯಂ ಕಿರಣಗಳನ್ನು ಜಾಸ್ತಿ ತಡೆಯುತ್ತದೆ, ಹಾಗಾಗಿ ಅದು ಬೆಳ್ಳಗೆ. ಗಾಳಿ ತುಂಬಿದ ಶ್ವಾಸಕೋಶ ಕಪ್ಪು. ಮಾಂಸ, ರಕ್ತ, ನೀರು ಎಲ್ಲ ಹೆಚ್ಚುಕಡಿಮೆ ಒಂದೇ ಬೂದು. 1895ರಲ್ಲಿ ಈ ಕಿರಣಗಳನ್ನು ಕಂಡುಹಿಡಿದ ರಾಂಟ್‌ಜನ್ ತನ್ನ ಹೆಂಡತಿಯ ಕೈಯ ಚಿತ್ರ ತೆಗೆದಾಗಲೂ ಎದ್ದು ಕಂಡದ್ದು ಮೂಳೆಗಳು ಮತ್ತು ಬೆರಳಿನ ಉಂಗುರ.

ಆದರೆ ನೆರಳಿನಲ್ಲಿ ಆಳ ತಿಳಿಯುವುದಿಲ್ಲ. ಮುಂದಿನದೂ ಹಿಂದಿನದೂ ಒಂದರ ಮೇಲೊಂದು ಬೀಳುತ್ತದೆ. ಎದುರಿನಿಂದ ನೆಟ್ಟಗೆ ಕಾಣುವ ಬೆರಳ ಮೂಳೆ, ಪಕ್ಕದಿಂದ ತೆಗೆದಾಗ ಮುರಿದು ಹಿಂದಕ್ಕೆ ವಾಲಿರಬಹುದು. ಅದಕ್ಕೇ ಎರಡು ಕೋನ. ಇಲ್ಲಿ ಉಳಿತಾಯ ಬೇಡ.

ಎದೆಯ ಚಿತ್ರ ತೆಗೆಯುವಾಗ, ನೆರಳು ಹಿಡಿಯುವ ಪ್ಲೇಟಿಗೆ ಎದೆಯನ್ನು ಒತ್ತಿ ನಿಲ್ಲಿಸಿ, ಬೆನ್ನಿನ ಕಡೆಯಿಂದ ಕಿರಣ ಬಿಡುವುದಕ್ಕೂ ಕಾರಣವಿದೆ. ಹೃದಯ ಎದೆಯ ಮುಂಭಾಗದಲ್ಲಿದೆ. ಅದು ಪ್ಲೇಟಿಗೆ ಹತ್ತಿರವಿದ್ದಷ್ಟೂ ನೆರಳು ಹಿಗ್ಗುವುದು ಕಡಿಮೆ. ಹಾಸಿಗೆಯಲ್ಲಿರುವ ರೋಗಿಗೆ ಮುಂದಿನಿಂದ ತೆಗೆದರೆ ಹೃದಯ ಇರುವುದಕ್ಕಿಂತ ದೊಡ್ಡದಾಗಿ ಕಾಣುತ್ತದೆ. ಅದನ್ನು ನೋಡಿ ಗಾಬರಿಯಾದವರು ಬಹಳ ಮಂದಿ. "ಉಸಿರು ಎಳೆದು ಹಿಡ್ಕೊಳ್ಳಿ" ಎನ್ನುವುದೂ ಸುಮ್ನೆ ಅಲ್ಲ. ಅರ್ಧ ಉಸಿರಿನಲ್ಲಿ ತೆಗೆದರೆ ಶ್ವಾಸಕೋಶದ ಬುಡ ಮುದುಡಿ, ಸೋಂಕಿನಂತೆ ಕಾಣಬಹುದು.

ನನಗೆ ಹೆಚ್ಚು ಚಿಂತೆ ತರುವುದು "ಎಕ್ಸ್‌ರೇ ನಾರ್ಮಲ್" ಎಂಬ ಸಮಾಧಾನ. ಡಿಸ್ಕ್ (ಬೆನ್ನುಮೂಳೆಗಳ ನಡುವಿನ ಮೆತ್ತೆ), ಲಿಗಮೆಂಟ್ (ಮೂಳೆಗಳನ್ನು ಜೋಡಿಸುವ ಪಟ್ಟಿ), ನರ ಇದರಲ್ಲಿ ಕಾಣುವುದಿಲ್ಲ. ಮೂಳೆಯ ಬಿರುಕೂ ಕೆಲವೊಮ್ಮೆ ತಪ್ಪಿಸಿಕೊಳ್ಳುತ್ತದೆ. ಮಣಿಕಟ್ಟಿನಲ್ಲಿ, ಹೆಬ್ಬೆರಳಿನ ಬದಿಗೆ, ಸ್ಕ್ಯಾಫಾಯ್ಡ್ ಎಂಬ ಪುಟ್ಟ ಮೂಳೆಯಿದೆ. ಬಿದ್ದ ದಿನ ಅದರ ಬಿರುಕು ಕಾಣದೆ, 10-14 ದಿನ ಬಿಟ್ಟು ಕಾಣಿಸುವುದುಂಟು. ಒತ್ತಿದರೆ ಅಲ್ಲೇ ನೋವು ಎಂದಾದರೆ, ಚಿತ್ರದಲ್ಲಿ ಬಿರುಕು ಕಾಣದಿದ್ದರೂ ಕೈಗೆ ಆಸರೆ ಕಟ್ಟಿ, ಮತ್ತೆ ತೆಗೆಸಬೇಕು ಅಥವಾ ಎಂಆರ್‌ಐ ಮಾಡಿಸಬೇಕು. ನೆಗ್ಲೆಕ್ಟ್ ಮಾಡಿದರೆ ಆ ಮೂಳೆ ಕೂಡದೇ ಉಳಿಯಬಹುದು.

ವಿಕಿರಣದ ಭಯವೋ? ಎದೆಯ ಒಂದು ಎಕ್ಸ್‌ರೇಗೆ ಸುಮಾರು 0.02 ಮಿಲಿಸೀವರ್ಟ್ (ಮೈಗೆ ತಗಲುವ ವಿಕಿರಣದ ಅಳತೆ). ಮಣ್ಣು, ಗಾಳಿ, ಆಕಾಶದಿಂದ ಕೆಲವೇ ದಿನಗಳಲ್ಲಿ ತಾನಾಗಿ ಬರುವಷ್ಟು. ಸಿಟಿ ಸ್ಕ್ಯಾನಿನದು ಇದಕ್ಕಿಂತ ಬಹಳ ಜಾಸ್ತಿ. ಗರ್ಭಿಣಿಯಾಗಿರುವ ಸಾಧ್ಯತೆ ಇದ್ದರೆ ಮೊದಲೇ ಹೇಳಿಬಿಡಿ.

ಇನ್ನೊಂದು ಮಾತು. ಹಳೆಯ ಎಕ್ಸ್‌ರೇಗಳನ್ನು ಎಸೆಯಬೇಡಿ, ಬರುವಾಗ ತನ್ನಿ. ಶ್ವಾಸಕೋಶದಲ್ಲಿ ಒಂದು ಕಲೆ ಕಂಡರೆ ನಾವು ಮೊದಲು ಹುಡುಕುವುದು ಹಳೆಯ ಚಿತ್ರವನ್ನೇ. ವರ್ಷಗಳ ಹಿಂದಿನ ಚಿತ್ರದಲ್ಲೂ ಆ ಕಲೆ ಅಷ್ಟೇ ಇದ್ದರೆ, ಎಷ್ಟೋ ಬಾರಿ ಸ್ಕ್ಯಾನಿನ ಅಗತ್ಯವೇ ಬೀಳುವುದಿಲ್ಲ.